ಕಣ್ಣೀರಿನ ನಾಳದ ಸ್ಟೆಂಟ್: ಹಾಕಿಸಿದರೆ ಸಾಲದು, ತೆಗೆಸಲೂ ಬೇಕು



ಕಾಪು ಕಡೆಯ ಒಂದು ಸಂಘದ ಸಭೆಗೆ ನಾವು ಹೋಗಿದ್ದಾಗ ಮೀನು ಮಾರುವ ಒಬ್ಬ ಸದಸ್ಯೆ ಸೆರಗಿನಿಂದ ಎಡಗಣ್ಣು ಒರೆಸಿಕೊಳ್ಳುತ್ತಲೇ ಇದ್ದರು. "ಆಪರೇಶನ್ ಆಗಿದೆಯಲ್ಲ, ಮತ್ತೆ ನೀರು ಯಾಕೆ?" ಎಂದು ಕೇಳಿದೆವು. ಹತ್ತಿರ ಹೋಗಿ ನೋಡಿದರೆ, ಮೂಗಿನ ಬದಿಯ ಕಣ್ಣಿನ ಮೂಲೆಯಲ್ಲಿ ದಾರದಂಥ ಟ್ಯೂಬು ಹಾಗೆಯೇ ಉಂಟು! ಮೂರು ತಿಂಗಳಿಗೆ ತೆಗೆಸಬೇಕಾಗಿದ್ದದ್ದು, ವರ್ಷ ದಾಟಿತ್ತು. "ನೀರು ನಿಂತಿತ್ತು ಸಿಸ್ಟರ್, ಮತ್ತೆ ಯಾಕೆ ಹೋಗೋದು ಅಂತ ಬಿಟ್ಟೆ. ಬೋಟು ಕಡಲಿಗಿಳಿಯುವ ಸಮಯ ಬೇರೆ" ಎಂದರು. ಆ ಆಪರೇಶನ್ನಿಗೆ ಸಾಲ ಕೊಟ್ಟದ್ದು ಸಂಘವೇ. ಕಂತು ಬಂತೋ ಎಂದು ತಿಂಗಳು ತಿಂಗಳು ಕೇಳಿದೆವು, ಟ್ಯೂಬು ತೆಗೆಸಿದಿರೋ ಎಂದು ಒಮ್ಮೆಯೂ ಕೇಳಲಿಲ್ಲ. ತಪ್ಪು ನಮ್ಮದೂ ಉಂಟು.

ಕಣ್ಣೀರು ದುಃಖ ಆದಾಗ ಮಾತ್ರ ಬರುವುದಲ್ಲ. ಕಣ್ಣು ಒಣಗದಂತೆ ಸದಾ ಸ್ವಲ್ಪ ಸ್ವಲ್ಪ ಬರುತ್ತಾ ಇರುತ್ತದೆ. ಕಣ್ಣಿನ ಒಳಮೂಲೆಯಲ್ಲಿ ಮೇಲೊಂದು, ಕೆಳಗೊಂದು ಸಣ್ಣ ತೂತು ಉಂಟು. ಅಲ್ಲಿಂದ ನೀರು ಒಂದು ಪುಟ್ಟ ಚೀಲಕ್ಕೆ, ಚೀಲದಿಂದ ನಾಳದಲ್ಲಿ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಇದರಿಂದಲೇ. ನಾಳ ಕಟ್ಟಿದರೆ ನೀರು ಕೆನ್ನೆಗೆ ಹರಿಯುತ್ತದೆ, ಚೀಲದಲ್ಲಿ ಕೀವು ತುಂಬುತ್ತದೆ. ನಡುವಯಸ್ಸು ದಾಟಿದ ಹೆಂಗಸರಲ್ಲಿ ಇದು ಗಂಡಸರಿಗಿಂತ ಹೆಚ್ಚು. ನಮ್ಮ ನಾಳ ಹಾದುಹೋಗುವ ಎಲುಬಿನ ದಾರಿ ಕಿರಿದಾಗಿರುವುದು ಒಂದು ಕಾರಣ ಎನ್ನುತ್ತಾರೆ. ಒಲೆಯ ಹೊಗೆ ಎಂದು ಸುಮ್ಮನಿರಬೇಡಿ. ಮೂಲೆ ಕೆಂಪಾಗಿ ಬಾತು ನೋವು, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹಿಚುಕುವುದು, ಸುಣ್ಣ ಹಚ್ಚುವುದು ಬೇಡವೇ ಬೇಡ.

ಕಾರ್ಕಳದ ಒಬ್ಬ ಅಜ್ಜಿಯನ್ನು ಪೊರೆಯ ಆಪರೇಶನ್ ಮಾಡದೆ ವಾಪಸು ಕಳಿಸಿದ್ದರೆಂದು ಮನೆಯವರಿಗೆ ಸಿಟ್ಟು ಬಂದಿತ್ತು. ಡಾಕ್ಟರು ಮಾಡಿದ್ದು ಸರಿಯೇ. ಚೀಲದಲ್ಲಿ ಕೀವು ಇರುವಾಗ ಪೊರೆ ತೆಗೆದರೆ ಸೋಂಕು ಕಣ್ಣಿನೊಳಗೆ ಹೋಗಿ ದೃಷ್ಟಿಯೇ ಹೋಗಬಹುದು. ಮೊದಲು ಚೀಲದ ಚಿಕಿತ್ಸೆ, ಆಮೇಲೆ ಪೊರೆ.

ನಾಳ ತೆರೆದಿದೆಯೋ ಎಂದು ತಿಳಿಯಲು ಆ ತೂತಿನಿಂದ ಉಪ್ಪುನೀರು ಬಿಡುತ್ತಾರೆ. ಗಂಟಲಿಗೆ ಉಪ್ಪು ರುಚಿ ಬಂದರೆ ದಾರಿ ತೆರೆದಿದೆ. ಪೂರ್ತಿ ಕಟ್ಟಿದ್ದರೆ ಡಿ.ಸಿ.ಆರ್. ಎಂಬ ಆಪರೇಶನ್. ಚೀಲಕ್ಕೂ ಮೂಗಿಗೂ ನಡುವಿನ ಎಲುಬಿನಲ್ಲಿ ಕಿಂಡಿ ಮಾಡಿ ಹೊಸ ದಾರಿ ಕೊಡುವುದು. ಇಟಲಿಯ ಟೋಟಿ ಎಂಬ ವೈದ್ಯರು 1904ರಲ್ಲಿ ಇದನ್ನು ವಿವರಿಸಿದರು. ಈಗ ಚರ್ಮದ ಮೇಲೆ ಗಾಯ ಮಾಡದೆ ಮೂಗಿನ ಒಳಗಿನಿಂದಲೂ ಮಾಡುತ್ತಾರೆ.

"ಸ್ಟೆಂಟ್ ಅಂದ್ರೆ ಹಾರ್ಟಿಗೆ ಹಾಕೋದಲ್ವಾ ಸಿಸ್ಟರ್?" ಎಂದು ಹಲವರು ಹೆದರುತ್ತಾರೆ. ಹೃದಯದ್ದು ಸಾಮಾನ್ಯವಾಗಿ ಲೋಹದ ಬಲೆ, ಒಳಗೇ ಉಳಿಯುತ್ತದೆ. ಇದು ಮೆತ್ತಗಿನ ಸಿಲಿಕೋನ್ ಟ್ಯೂಬು. ಎರಡೂ ತೂತಿನಿಂದ ಒಳಗೆ ಬಿಟ್ಟು ಮೂಗಿನಲ್ಲಿ ಗಂಟು ಹಾಕುತ್ತಾರೆ. ಗಾಯ ಮಾಯುವಾಗ ಹೊಸ ದಾರಿ ಮುಚ್ಚಿಹೋಗಬಾರದು, ಅದಕ್ಕೇ ಇದು. ಎಲ್ಲರಿಗೂ ಬೇಕಾಗುವುದಿಲ್ಲ, ಸರಳವಾದ ಮೊದಲ ಆಪರೇಶನ್ ಸ್ಟೆಂಟ್ ಇಲ್ಲದೆಯೂ ಚೆನ್ನಾಗಿ ಆಗುತ್ತದೆ. ಮೇಲಿನ ಸಣ್ಣ ನಾಳಗಳು ಕಿರಿದಾಗಿದ್ದರೆ, ಹಿಂದಿನ ಆಪರೇಶನ್ ಫಲಿಸದಿದ್ದರೆ ಹೆಚ್ಚಾಗಿ ಹಾಕುತ್ತಾರೆ. ಆದ್ದರಿಂದ "ನನಗೆ ಯಾಕೆ ಬೇಕು? ಯಾವಾಗ ತೆಗೆಯುತ್ತೀರಿ?" ಎಂದು ಕೇಳಿ, ಸಂಕೋಚ ಬೇಡ.

ತೆಗೆಯಲು ಸಾಮಾನ್ಯವಾಗಿ ಅಡ್ಮಿಟ್ ಆಗಬೇಕಿಲ್ಲ. ಕಣ್ಣಿನ ಮೂಲೆಯಲ್ಲಿ ಕತ್ತರಿಸಿ ಮೂಗಿನಿಂದ ಎಳೆಯುತ್ತಾರೆ, ಕೆಲವೇ ನಿಮಿಷದ ಕೆಲಸ. ಅದಕ್ಕೂ ಮೊದಲು ಕಣ್ಣು ಉಜ್ಜಿ ಟ್ಯೂಬು ಹೊರಗೆ ಬಂದರೆ ನೀವೇ ಎಳೆಯಬೇಡಿ, ಕತ್ತರಿಸಲೂ ಬೇಡಿ. ಕೆನ್ನೆಗೋ ಮೂಗಿಗೋ ಪ್ಲಾಸ್ಟರ್ ಅಂಟಿಸಿ ಆಸ್ಪತ್ರೆಗೆ ಹೋಗಿ. ಡಾಕ್ಟರು ಹೇಳುವವರೆಗೆ ಮೂಗು ಜೋರಾಗಿ ಸೀಟಬಾರದು.

ಖರ್ಚಿನ ವಿಷಯ: ಆಯುಷ್ಮಾನ್ ಕಾರ್ಡು ಇದ್ದವರು ಮೊದಲು ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಉಂಟು. ಮಣಿಪಾಲಕ್ಕೆ ಹೋಗಬೇಕಾದರೆ ರೆಫರಲ್ ಚೀಟಿ ಬೇಕೋ ಎಂದು ಅಲ್ಲಿಯೇ ವಿಚಾರಿಸಿ. ಸ್ಟೆಂಟಿನ ಹಣ ಪ್ಯಾಕೇಜಿನಲ್ಲಿ ಸೇರಿದೆಯೋ, ಬೇರೆಯೋ ಎಂದು ಅಡ್ಮಿಟ್ ಆಗುವ ಮೊದಲೇ ಕೇಳಿಕೊಳ್ಳಿ.

ಕಾಪುವಿನ ಆ ಸದಸ್ಯೆಯನ್ನು ಮರುವಾರ ಕರೆದುಕೊಂಡು ಹೋದೆವು. ಟ್ಯೂಬು ತೂತನ್ನು ಕೊಯ್ದು ಅಗಲ ಮಾಡಿತ್ತು, ಪಕ್ಕದಲ್ಲಿ ಮಾಂಸ ಬೆಳೆದಿತ್ತು. ತೆಗೆದ ಮೇಲೆ ನೀರು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಈಗ ಆ ಸಂಘದ ನಡಾವಳಿ ಪುಸ್ತಕದಲ್ಲಿ ಸಾಲದ ಪುಟದ ಕೆಳಗೇ ಒಂದು ಸಾಲು ಜಾಸ್ತಿ ಇದೆ: ಯಾವ ಕಣ್ಣು, ಟ್ಯೂಬು ಹಾಕಿದ ದಿನ, ತೆಗೆಸುವ ದಿನ, ಜೊತೆಗೆ ಹೋಗುವವರು ಯಾರು.