ನೋವು ಫಿಲ್ಮಿನಲ್ಲಿ ಕಾಣುವುದಿಲ್ಲ

ತಿಂಗಳುಗಟ್ಟಲೆ ಬಿಡದ ಸೊಂಟನೋವು. ‘ಒಂದು ಎಂಆರ್‌ಐ ಮಾಡಿಸಿಬಿಡೋಣ, ಎಲ್ಲಾ ಗೊತ್ತಾಗುತ್ತೆ’ ಎಂದು ನೀವೇ ತೀರ್ಮಾನಿಸಿ ಸ್ಕ್ಯಾನಿಂಗ್ ಸೆಂಟರಿಗೆ ಹೊರಟಿದ್ದರೆ ಸ್ವಲ್ಪ ತಾಳಿ. ಸ್ಕ್ಯಾನು ಮೂಳೆ, ಡಿಸ್ಕು, ನರಗಳ ಆಕಾರ ತೋರಿಸೀತು, ನೋವನ್ನಲ್ಲ.

ರಿಪೋರ್ಟಿನಲ್ಲಿ ‘ಡಿಸ್ಕ್ ಬಲ್ಜ್’, ಅಂದರೆ ಡಿಸ್ಕು ಉಬ್ಬಿದೆ ಎಂದು ಕಂಡೊಡನೆ ಎದೆಗುಂದಬೇಡಿ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನುಗಳನ್ನು ಒಟ್ಟಾಗಿ ಪರಿಶೀಲಿಸಿದ 2015ರ ಅಧ್ಯಯನವೊಂದಿದೆ. ಅದರ ಅಂದಾಜಿನಲ್ಲಿ ಐವತ್ತರ ವಯಸ್ಸಿನವರ ಪೈಕಿ ಶೇ. 80 ಮಂದಿಗೆ ಡಿಸ್ಕು ಸವೆದಿರುತ್ತದೆ, ಶೇ. 60 ಮಂದಿಗೆ ಉಬ್ಬಿರುತ್ತದೆ. ಇಪ್ಪತ್ತರ ಹರೆಯದವರಲ್ಲೂ ಶೇ. 37 ಮಂದಿಗೆ ಸವೆತ! ತಲೆಗೂದಲು ನರೆತ ಹಾಗೆ ಅಂದುಕೊಳ್ಳಿ. ಕಾಗದಕ್ಕೆ ಹೆದರಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ವಾಕಿಂಗನ್ನೂ ಬಿಟ್ಟು ಹಾಸಿಗೆ ಹಿಡಿದರೆ ನೋವು ಇನ್ನಷ್ಟು ಗಟ್ಟಿಯಾದೀತು.

ಕೆ.ಆರ್. ಆಸ್ಪತ್ರೆಗಾದರೂ ಹೋಗಿ, ನಿಮ್ಮ ಬೀದಿಯ ಡಾಕ್ಟರ ಹತ್ತಿರವಾದರೂ ಹೋಗಿ; ಮೊದಲು ಅವರು ಕಾಲೆತ್ತಿಸಿ, ಮಂಡಿ ತಟ್ಟಿ ನೋಡಲಿ. ಸ್ಕ್ಯಾನು ಬರೆದುಕೊಟ್ಟರೆ, ‘ಇದರಿಂದ ಚಿಕಿತ್ಸೆ ಏನಾದರೂ ಬದಲಾಗುತ್ತದೆಯೇ?’ ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ವೈದ್ಯರು ಬೇಸರಪಟ್ಟುಕೊಳ್ಳುವುದಿಲ್ಲ.

ಆದರೆ ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ. ಆಗ ಸ್ಕ್ಯಾನು ತಡವಾಗಬಾರದು. ಜ್ವರ, ಕಾರಣವಿಲ್ಲದೆ ತೂಕ ಇಳಿದದ್ದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದು ಪೆಟ್ಟಾದದ್ದು ಯಾವುದನ್ನೂ ಮುಚ್ಚಿಡಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಎಂಆರ್‌ಐ ಕೋಣೆಗೆ ಕಾಲಿಡುವ ಮೊದಲೇ ಹೇಳಿ. ಹಳೆಯ ಫಿಲ್ಮುಗಳಿದ್ದರೆ ಅವನ್ನೂ ಜೊತೆಗೆ ಒಯ್ಯಿರಿ.