ಕಣ್ಣಿನ ಮಂಜೆಲ್ಲ ಮೋತಿಬಿಂದುವಲ್ಲ

ಬಸವಕಲ್ಯಾಣ, ಹುಮನಾಬಾದ್ ಕಡೆ ಐವತ್ತು ದಾಟಿದವರಿಗೆ ಕಣ್ಣು ಮಂಜಾದರೆ ಮನೆಯವರ ಮಾತು ಒಂದೇ: ‘ಮೋತಿಬಿಂದು ಬಂದದ, ಹಣ್ಣಾಗ್ಲಿ, ಆಮ್ಯಾಲ ಆಪರೇಷನ್ ಮಾಡಸೋಣ.’ ಮೋತಿಬಿಂದು ಅಥವಾ ಕಣ್ಣಿನ ಪೊರೆಯನ್ನು ತಡವಾಗಿ ತೆಗೆಸಿದರೂ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಆದರೆ ದೋಷ ಅಕ್ಷಿಪಟಲದಲ್ಲಿದ್ದರೆ, ಹೀಗೆ ಕಾಯುವ ತಿಂಗಳುಗಳಲ್ಲಿಯೇ ದೃಷ್ಟಿ ಶಾಶ್ವತವಾಗಿ ಹೋಗಬಹುದು.

ಅಕ್ಷಿಪಟಲ ಅಥವಾ ರೆಟಿನಾ ಎಂದರೆ ಕಣ್ಣುಗುಡ್ಡೆಯ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಿರುವ ನರಪೊರೆ. ದಪ್ಪ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಬೆಳಕನ್ನು ನರಸಂದೇಶವಾಗಿ ಮಾರ್ಪಡಿಸಿ ಮೆದುಳಿಗೆ ಕಳಿಸುವುದು ಇದರ ಕೆಲಸ. ಸತ್ತ ಜೀವಕೋಶಗಳು ಇಲ್ಲಿ ಮತ್ತೆ ಹುಟ್ಟುವುದಿಲ್ಲ. ‘ದಾನದ ಕಣ್ಣು ಹಾಕಬಾರದೇ?’ ಎಂದು ಕೇಳುವವರಿದ್ದಾರೆ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ಅವರ ಕಣ್ಣುಗಳಿಂದ ಬೇರೆಯವರಿಗೆ ಬೆಳಕು ಸಿಕ್ಕಿದ್ದು ನಿಜ. ಆದರೆ ದಾನದ ಕಣ್ಣಿನಿಂದ ಕಸಿ ಮಾಡುವುದು ಮುಂಭಾಗದ ಕಾರ್ನಿಯಾ, ಅಕ್ಷಿಪಟಲವನ್ನಲ್ಲ.

ಇದರ ದೊಡ್ಡ ಶತ್ರು ಸಕ್ಕರೆ ಕಾಯಿಲೆ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಪಟಲದ ಸೂಕ್ಷ್ಮ ರಕ್ತನಾಳಗಳು ಸೋರತೊಡಗುತ್ತವೆ. ನಡುಭಾಗ ಊದಿಕೊಂಡರೆ ಪತ್ರಿಕೆಯ ಅಕ್ಷರ ಕಾಣದು. ಇನ್ನು ಕೆಲವು ನಾಳಗಳು ಮುಚ್ಚಿಹೋಗುತ್ತವೆ. ಆಗ ರಕ್ತ ಸಾಲದ ಪಟಲದಲ್ಲಿ ಹೊಸ ನಾಳಗಳು ಬೆಳೆಯುತ್ತವೆ. ಇವು ಬಹಳ ದುರ್ಬಲ. ಒಡೆದರೆ ಕಣ್ಣೊಳಗೆ ರಕ್ತ ತುಂಬಿ ರಾತ್ರಿ ಬೆಳಗಾಗುವಷ್ಟರಲ್ಲಿ ಕತ್ತಲು. ಅಲ್ಲಿಯವರೆಗೆ ನೋವಿಲ್ಲ, ಕೆಂಪಿಲ್ಲ. ಎಷ್ಟೋ ಜನರಿಗೆ ಮಂಜೂ ಇರುವುದಿಲ್ಲ. ಆದ್ದರಿಂದ ವಯಸ್ಕರಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದ ಕೂಡಲೇ ಒಮ್ಮೆ, ಅನಂತರ ವರ್ಷಕ್ಕೊಮ್ಮೆ ಪಟಲ ಪರೀಕ್ಷೆಯಾಗಬೇಕು. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸುವುದು ಈ ಪರೀಕ್ಷೆಯಲ್ಲ.

ಲೇಸರ್ ಚಿಕಿತ್ಸೆ ಹೊಸ ನಾಳಗಳನ್ನು ಕುಗ್ಗಿಸುತ್ತದೆ. ಇದರಿಂದ ತೀವ್ರ ದೃಷ್ಟಿನಾಶದ ಅಪಾಯ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆಂದು 1976ರಲ್ಲಿಯೇ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆದರೆ ಲೇಸರ್ ಇದ್ದುದನ್ನು ಉಳಿಸುತ್ತದೆ, ಹೋದದ್ದನ್ನು ತರುವುದಿಲ್ಲ. ಊತಕ್ಕೆ ಈಗ ಕಣ್ಣೊಳಗೇ ಇಂಜೆಕ್ಷನ್ ಕೊಡುತ್ತಾರೆ. ಮೊದಲು ಮರಗಟ್ಟಿಸುವುದರಿಂದ ಹೆದರುವಷ್ಟು ನೋವಿಲ್ಲ. ಕಷ್ಟ ಬೇರೆಯದು: ಒಂದಕ್ಕೆ ಮುಗಿಯದು, ಮೊದಮೊದಲು ತಿಂಗಳಿಗೊಂದರಂತೆ ಹಲವು ಬೇಕಾಗುತ್ತವೆ. ನಾರಾಯಣಪುರದಂಥ ಊರಿನವರು ಒಂದು ದಿನದ ಕೂಲಿ ಬಿಟ್ಟು ಕಲಬುರಗಿಗೋ ಹೈದರಾಬಾದಿಗೋ ಹೋಗಬೇಕು. ಸ್ವಲ್ಪ ಕಂಡೊಡನೆ ನಿಲ್ಲಿಸಿಬಿಡುತ್ತಾರೆ, ಊತ ಮರಳುತ್ತದೆ. ಬೆವಾಸಿಜುಮ್ಯಾಬ್ ಎಂಬ ಔಷಧ ಉಳಿದವುಗಳಿಗಿಂತ ಬಹಳ ಅಗ್ಗ. ಅದು ತಮಗೆ ಹೊಂದುವುದೇ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ರಕ್ತ ಕರಗದಿದ್ದರೆ ಶಸ್ತ್ರಚಿಕಿತ್ಸೆಯೇ ದಾರಿ.

ಕಣ್ಣಲ್ಲಿ ಮಿಂಚು ಹೊಡೆದಂತಾಗುವುದು, ಒಮ್ಮೆಲೇ ಕಪ್ಪು ಚುಕ್ಕೆಗಳು ತೇಲುವುದು, ಪರದೆ ಎಳೆದಂತೆ ಒಂದು ಬದಿ ಮುಚ್ಚುವುದು, ಇವು ಪಟಲ ಹರಿದು ಕಳಚುತ್ತಿರುವ ಲಕ್ಷಣಗಳಿರಬಹುದು. ಔಷಧಿ ಅಂಗಡಿಯ ಹನಿಗಳನ್ನು ಹಾಕುತ್ತ ಕೂಡದೆ ಅದೇ ದಿನ ಹೊರಡಬೇಕು.

ಹಸುಗೂಸುಗಳಿಗೂ ಪಟಲದ ಕಾಯಿಲೆಯುಂಟು. 34 ವಾರಕ್ಕೆ ಮುನ್ನ ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಹುಟ್ಟಿದ 30 ದಿನದೊಳಗೆ ಪರೀಕ್ಷೆ ಆಗಲೇಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾದೊಡನೆ ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ. ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ.

ಪಟಲ ಪರೀಕ್ಷೆಗೆ ಹನಿ ಹಾಕಿ ಕಣ್ಣಿನ ಪಾಪೆಯನ್ನು ಹಿಗ್ಗಿಸುವುದರಿಂದ ಕೆಲವು ಗಂಟೆ ಕಣ್ಣು ಕೋರೈಸುತ್ತದೆ. ಆ ದಿನ ಮೋಟಾರ್ ಸೈಕಲ್ ನಡೆಸದೆ, ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.