ಎಂಜಿನಿಯರಿಂಗ್ ಶಿಕ್ಷಣದಲ್ಲಿ ಅಂತರರಾಷ್ಟ್ರೀಯ ಸಹಕಾರ: ಹೈದರಾಬಾದಿನ ನಿದರ್ಶನ

ಕಟ್ಟಡ, ಯಂತ್ರೋಪಕರಣ, ಪ್ರಯೋಗಾಲಯ ಇವುಗಳನ್ನು ಹಣ ಒದಗಿಸಿ ಪಡೆಯಬಹುದು. ಸಮರ್ಥ ಅಧ್ಯಾಪಕನನ್ನು ಹಾಗೆ ಪಡೆಯಲು ಸಾಧ್ಯವಿಲ್ಲ. ಆತನನ್ನು ವರ್ಷಗಳ ಶ್ರಮದಿಂದ ರೂಪಿಸಬೇಕು. ಎಂಜಿನಿಯರಿಂಗ್ ಶಿಕ್ಷಣದಲ್ಲಿ ರಾಷ್ಟ್ರಗಳ ನಡುವೆ ಏರ್ಪಡುವ ಸಹಕಾರದ ಬೆಲೆಯನ್ನು ಈ ಅಳತೆಗೋಲಿನಿಂದಲೇ ಅಳೆಯಬೇಕಾಗುತ್ತದೆ.

ಹಿನ್ನೆಲೆ

1951ರಲ್ಲಿ ಖರಗ್‌ಪುರದಲ್ಲಿ ಪ್ರಥಮ ಭಾರತೀಯ ತಂತ್ರಜ್ಞಾನ ಸಂಸ್ಥೆ (ಐಐಟಿ) ಆರಂಭವಾಯಿತು. ಅನಂತರ ಮುಂಬಯಿಯ ಸಂಸ್ಥೆಗೆ ಸೋವಿಯತ್ ಒಕ್ಕೂಟ, ಮದರಾಸಿನ ಸಂಸ್ಥೆಗೆ ಪಶ್ಚಿಮ ಜರ್ಮನಿ, ದೆಹಲಿಯ ಸಂಸ್ಥೆಗೆ ಬ್ರಿಟನ್ ನೆರವಾದವು. ಕಾನ್ಪುರದ ಸಂಸ್ಥೆಯೊಡನೆ 1962ರಿಂದ 1972ರವರೆಗೆ ಅಮೆರಿಕದ ಒಂಬತ್ತು ವಿದ್ಯಾಸಂಸ್ಥೆಗಳು ಸಹಕರಿಸಿದವು. ಉಪಕರಣಗಳ ಜೊತೆಗೆ ಅಲ್ಲಿಂದ ಪ್ರಾಧ್ಯಾಪಕರು ಬಂದರು. ನಮ್ಮ ಅಧ್ಯಾಪಕರೂ ತರಬೇತಿಗಾಗಿ ಹೊರದೇಶಗಳಿಗೆ ತೆರಳಿದರು.

ಜಪಾನಿನ ಸಹಯೋಗ

ಹೈದರಾಬಾದಿನ ಐಐಟಿ 2008ರಲ್ಲಿ ಸ್ಥಾಪಿತವಾಯಿತು. ಎದ್ದುಮೈಲಾರಂನ ಶಸ್ತ್ರಾಸ್ತ್ರ ಕಾರ್ಖಾನೆಯ ಆವರಣದಲ್ಲಿ ತಾತ್ಕಾಲಿಕವಾಗಿ ತರಗತಿಗಳು ನಡೆದವು; ಬಳಿಕ ಸಂಸ್ಥೆಯು ಸಂಗಾರೆಡ್ಡಿ ಸಮೀಪದ ಕಂದಿಗೆ ಸ್ಥಳಾಂತರಗೊಂಡಿತು. ಆರಂಭದಲ್ಲಿ ಮಾರ್ಗದರ್ಶನದ ಹೊಣೆ ಹೊತ್ತದ್ದು ಮದರಾಸಿನ ಐಐಟಿ. ಒಂದು ಕಾಲದಲ್ಲಿ ಜರ್ಮನರ ನೆರವಿನಿಂದ ಬೆಳೆದ ಸಂಸ್ಥೆಯೇ ಮುಂದೆ ಮತ್ತೊಂದು ಸಂಸ್ಥೆಯ ಕೈಹಿಡಿದು ನಡೆಸಿತೆಂಬುದು ಗಮನಾರ್ಹ.

ಈ ಸಂಸ್ಥೆಯ ಬೆಳವಣಿಗೆಯಲ್ಲಿ ಜಪಾನ್ ಸಹಭಾಗಿಯಾಗಿದೆ. ಜಪಾನ್ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ, ಅಂದರೆ 'ಜೈಕಾ', ಆವರಣದ ಕಟ್ಟಡಗಳಿಗೆ ಸಾಲ ನೀಡಿದೆ. 'ಫ್ರೆಂಡ್‌ಶಿಪ್' ಎಂಬ ಯೋಜನೆಯನ್ವಯ ಇಲ್ಲಿನ ಪದವೀಧರರು ಜಪಾನಿನ ವಿಶ್ವವಿದ್ಯಾಲಯಗಳಲ್ಲಿ ಉನ್ನತ ವ್ಯಾಸಂಗ ಮಾಡಲು ವಿದ್ಯಾರ್ಥಿವೇತನ ಒದಗಿತು. ಎರಡೂ ದೇಶಗಳ ಸಂಶೋಧಕರ ನಡುವೆ ಶಾಶ್ವತ ಬಾಂಧವ್ಯ ಬೆಳೆಸುವುದು ಅದರ ಉದ್ದೇಶ. 2010ರಲ್ಲಿ ಆರಂಭವಾದ 'ಡಿಸಾನೆಟ್' ಯೋಜನೆಯಲ್ಲಿ ಉಭಯ ದೇಶಗಳ ವಿಜ್ಞಾನಿಗಳು ಪ್ರಕೃತಿ ವಿಕೋಪಗಳ ಕಾಲದಲ್ಲಿ ಉಪಯುಕ್ತವಾಗುವ ಮಾಹಿತಿ ಜಾಲದ ಬಗ್ಗೆ ಕೂಡಿ ಸಂಶೋಧನೆ ನಡೆಸಿದರು. ಇಂತಹ ಕಾರ್ಯದಲ್ಲಿ ಪಾಲ್ಗೊಂಡ ಅಧ್ಯಾಪಕನು ಪಠ್ಯಪುಸ್ತಕವನ್ನಷ್ಟೇ ಅಲ್ಲದೆ ತನ್ನ ಅನುಭವವನ್ನೂ ತರಗತಿಗೆ ತರಬಲ್ಲನು.

ಸಾಮಾನ್ಯ ಕಾಲೇಜುಗಳ ಅಧ್ಯಾಪಕರು

ಆದರೆ ದೇಶದ ಬಹುಪಾಲು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಲಿಯುವುದು ಐಐಟಿಗಳಲ್ಲಲ್ಲ. ಸ್ನಾತಕೋತ್ತರ ಪದವಿ ಪಡೆದವರು ಬೋಧನಕ್ರಮದ ತರಬೇತಿಯಿಲ್ಲದೆಯೇ ತರಗತಿಗೆ ಕಾಲಿಡುವುದು ಅನೇಕ ಕಾಲೇಜುಗಳಲ್ಲಿ ಸಾಮಾನ್ಯ. ತೊಲೆಯ ಮೇಲಿನ ಭಾರದ ಸೂತ್ರವನ್ನು ಹಲಗೆಯ ಮೇಲೆ ಬರೆದು ಲೆಕ್ಕ ಬಿಡಿಸಿದರೆ ಪಾಠ ಮುಗಿಯುತ್ತದೆ. ಅದರ ಬದಲು, ಭಾರ ಹೆಚ್ಚಿದಂತೆ ತೊಲೆ ಎಲ್ಲಿ ಮುರಿದೀತು, ಏಕೆ ಎಂದು ವಿದ್ಯಾರ್ಥಿಗಳೇ ತಮ್ಮಲ್ಲಿ ಚರ್ಚಿಸಿ ಹೇಳುವಂತೆ ಮಾಡಿದರೆ ಸೂತ್ರದ ಅರ್ಥ ಮನದಟ್ಟಾಗುತ್ತದೆ. ಈ ಕಲೆಯನ್ನು ಅಧ್ಯಾಪಕರಿಗೂ ಕಲಿಸಬೇಕಾಗುತ್ತದೆ.

ಈ ದಿಶೆಯಲ್ಲಿ 2007ರಲ್ಲಿ ಭಾರತ–ಅಮೆರಿಕ ಎಂಜಿನಿಯರಿಂಗ್ ಶಿಕ್ಷಣ ಸಹಯೋಗವು ಆರಂಭವಾಯಿತು. 2008ರಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಅಮೆರಿಕದ ಪ್ರಾಧ್ಯಾಪಕರು ನಮ್ಮ ಕಾಲೇಜುಗಳ ಅಧ್ಯಾಪಕರಿಗೆ ಕಾರ್ಯಶಿಬಿರಗಳನ್ನು ನಡೆಸಿದರು. 2014ರಲ್ಲಿ ಭಾರತವು 'ವಾಷಿಂಗ್ಟನ್ ಒಪ್ಪಂದ'ದ ಪೂರ್ಣ ಸದಸ್ಯತ್ವ ಪಡೆಯಿತು. ಇದರಿಂದ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮಾನ್ಯತೆ ಪಡೆದ ಅರ್ಹ ಪದವಿಗಳಿಗೆ ಇತರ ಸದಸ್ಯ ದೇಶಗಳ ಮನ್ನಣೆಯ ದಾರಿ ತೆರೆಯಿತು. ವಿದ್ಯಾರ್ಥಿಯು ಏನನ್ನು ಓದಿದನು ಎಂಬುದಕ್ಕಿಂತ ಏನನ್ನು ಮಾಡಬಲ್ಲನು ಎಂಬುದೇ ಇಲ್ಲಿ ಮುಖ್ಯ.

ನಮ್ಮ ಹೊಣೆ

ಸಹಕಾರಕ್ಕೆ ಮಿತಿಗಳೂ ಉಂಟು. ಸಾಲವನ್ನು ತೀರಿಸಬೇಕು, ಹೊರಗೆ ಕಲಿತವರೆಲ್ಲರೂ ಮರಳಿ ಬಂದು ಬೋಧನ ವೃತ್ತಿಯನ್ನೇ ಹಿಡಿಯುತ್ತಾರೆಂಬ ಭರವಸೆಯಿಲ್ಲ. ಶಿಬಿರದಿಂದ ಹಿಂದಿರುಗಿದ ಅಧ್ಯಾಪಕನಿಗೆ ಹೊಸ ಕ್ರಮವನ್ನು ಪ್ರಯೋಗಿಸುವ ಸ್ವಾತಂತ್ರ್ಯವನ್ನು ಕಾಲೇಜು ಕೊಡದಿದ್ದರೆ, ಕಲಿತದ್ದು ಟಿಪ್ಪಣಿ ಪುಸ್ತಕದಲ್ಲೇ ಉಳಿದೀತು. ಹೈದರಾಬಾದಿನಂತಹ ಸಂಸ್ಥೆಗಳು ತಾವು ಪಡೆದುದನ್ನು ಸುತ್ತಲಿನ ಕಾಲೇಜುಗಳೊಂದಿಗೆ ಹಂಚಿಕೊಂಡಾಗಲೇ ಈ ಸಹಕಾರದ ಫಲವು ಸಣ್ಣ ಊರಿನ ವಿದ್ಯಾರ್ಥಿಗೂ ದೊರೆತೀತು.